ಕಾರ್ಯದರ್ಶಿಗೊಂದು ಶಾಲು

ಹೇಳು ನೋಡೋಣ ಇಂದೂ, ಇವತ್ತು ಏನಾಗಿರಬಹುದು?... ಏ, ಹಂಗ ಅಡಿಗಿಮನಿ ಕಡೆ ಹೋಗಬ್ಯಾಡ. ಊಟ ಆಮ್ಯಾಲ. ಮೊದಲ ಊಹೆ ಮಾಡು... ಆಗವಲ್ದಾ? ನನ್ನ ಹೆಗಲ ಮ್ಯಾಲ ನೋಡು ಅಂತೇನಿ! ಹಾಂ... ಶಾಲು! ಕಟ್ಟಕಡೀಗೆ ನನಗೂ ಹೊದಿಸಿದ್ರು! ಹದಿನೆಂಟು ವರ್ಷ ಬ್ಯಾರೇದವರಿಗೆ ಹೊದಿಸೂ ಶಾಲಿನ ಚೀಲ ಹೊತ್ತ ಈ ಗುರುಶಿದ್ದಪ್ಪಗ!

ಯಾಕ ನಗ್ತೀ? ಮಟಮಟ ಮಧ್ಯಾಹ್ನ ಹೊದ್ಕೊಂಡು ಬಂದಾನ ಅಂತೇನು? ಬಸ್ಸಿನ್ಯಾಗೂ ತಗೀಲಿಲ್ಲ ನೋಡು. ಆ ಗದ್ದಲದಾಗ ನಿಂತು, ಕೆಲಗೇರಿ ಬರೂತನಕ ಬೆವರು ಸುರೀತಿತ್ತು... ಸುರೀಲಿ. ಸನ್ಮಾನದ ಬೆವರು ಅದು.

ಕುಂದ್ರು, ಕುಂದ್ರು. ಮೊದಲಿಂದ ಹೇಳ್ತೇನಿ. ಉಶ್ಶ್... ನಾನೂ ಕುಂದ್ರತೇನಿ, ಕಾಲಾಗ ಜೀವ ಇಲ್ಲ. ನಮ್ಮ ಸಾಂಸ್ಕೃತಿಕ ಕೇಂದ್ರದ್ದು ಈ ವರ್ಷದ ಕಡೇ ಕಾರ್ಯಕ್ರಮ. ಕಾರ್ಯದರ್ಶಿ ಅಂತ ನಂದೂ ಕಡೇದು. ಸಂಕ್ರಾಂತಿಗೆ ಸುಗ್ಗಿ ಹಾಡು, ಬ್ಯಾಸಿಗ್ಯಾಗ ಮಕ್ಕಳ ನಾಟಕ, ಶ್ರಾವಣದಾಗ ವಚನ ಗಾಯನ, ದಸರಾಕ್ಕ ಹೆಬ್ಬಳ್ಳಿ ಭಜನಿ ಮ್ಯಾಳ... ಅವತ್ತು ಕರೆಂಟ್ ಹೋದ್ರೂ ಅವರು ಕತ್ತಲ್ಯಾಗ ಹಾಡಿದ್ರಲ್ಲ, ಒಬ್ರೂ ಎದ್ದು ಹೋಗಲಿಲ್ಲ... ಮುಗೀತು, ಎಲ್ಲಾ ಮುಗೀತು. ಇನ್ನ ಹುಲಗೇಶ ಕಾರ್ಯದರ್ಶಿ. ಮೈಕಿನಾಂವಗ ಫೋನ್ ಹಚ್ಚೂದು, ಅತಿಥಿಗೋಳ ದಾರಿ ಕಾಯೂದು, ಕಲಾವಿದರಿಗೆ ಸಕ್ರಿ ಇಲ್ಲದ ಚಾ ಹುಡುಕೂದು... ಎಲ್ಲಾ ಅವನ ಹಣೇಬರ!

ಇವತ್ತು ಬೆಳಗಿನ ಗಾಯನ. ಶಾಬುದ್ದೀನ ಉಸ್ತಾದರು ತೋಡಿ ರಾಗ ಹಾಡಿದ್ರು. ಏನ್ ಹಾಡಿದ್ರು ಅಂತೀ! ವಯಸ್ಸಾದ ದನಿ, ಮ್ಯಾಲ ಹೋಗೂಮುಂದ ಒಂಚೂರು ನಡುಗತಿತ್ತು. ಆದರ ಆ ನಡುಕನ ಎಷ್ಟ ಛಲೋ ಇತ್ತು ಅಂತೇನಿ... ಜನ? ಇದ್ರು. ಯಾಕ ಹಂಗ ನೋಡ್ತೀ? ಇದ್ರು! ಮುಂದಿನ ಎರಡು ಸಾಲು ತುಂಬಿದ್ವು. ಅಂದ್ರ... ಒಂದೂವರಿ.

ಉಸ್ತಾದರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟಾತು. ಹುಲಗೇಶ ವಂದನಾರ್ಪಣೆಗೆ ಎದ್ದ. ನೀ ಕೇಳಬೇಕಿತ್ತು! ಕರೆಂಟ್ ಕೊಟ್ಟ ಇಲಾಖೆಗೆ ವಂದನೆ, ಮೈಕಿನವರಿಗೆ ವಂದನೆ, ಜಮಖಾನಿ ಹಾಸಿದ ಗಿರಿಯಪ್ಪಗ ವಂದನೆ, ಹೂವಿನ ಬೀರವ್ವಗೂ ವಂದನೆ! ಇಷ್ಟು ವರ್ಷ ನಾ ಹೇಳ್ತಿದ್ದ ಮಾತು, ಒಂದಕ್ಷರ ತಪ್ಪಿಲ್ಲ. ಹೋದ ವಾರ ಕುಂದ್ರಿಸಿಕೊಂಡು ನಾನ ಬಾಯಿಪಾಠ ಮಾಡಿಸಿದ್ದೆ. "ಯಾರ ಹೆಸರೂ ಬಿಡಬ್ಯಾಡಪಾ, ಮಂದಿ ಮನಸ್ಸಿಗೆ ಹಚ್ಕೋತಾರ" ಅಂತ ಹೇಳಿ ಹೇಳಿ...

ಆಮ್ಯಾಲೇನು? ಆಮ್ಯಾಲ... ನನ್ನ ಹೆಸರು ಹೇಳಿದ. ಏನ್ ಚಪ್ಪಾಳಿ! ಈ ಶಾಲು ಹೊದಿಸಿದ. ನಾನೂ ನಾಲ್ಕು ಮಾತಾಡಿದೆ. ನಿನ್ನ ಹೆಸರೂ ತಗೊಂಡೆ, ಹೌದು! ಬಂದ ಬಂದ ಕಲಾವಿದರಿಗೆಲ್ಲಾ ಉಪ್ಪಿಟ್ಟು ಮಾಡಿ ಕಳಿಸಿದಾಕಿ ನಮ್ಮ ಇಂದು ಅಂತ...

ಮೂಗು ಯಾಕ ಮುಚ್ಕೋತೀ? ವಾಸನಿ?... ಡಾಂಬರ ಗುಳಿಗೀದು. ಕೇಂದ್ರದ ಕಪಾಟಿನ್ಯಾಗ ಇಟ್ಟಿರತಾರ, ನುಸಿ ಹತ್ತಬಾರದು ಅಂತ... ಏ, ಅಂಚು ಯಾಕ ತಿರುವಿ ನೋಡಾಕತ್ತೀ? ಬಿಡು. ಬಿಡು ಅಂದೆನಲ್ಲ!

...

ಬಟ್ಟು ಆ ಹೊಲಿಗಿ ಮ್ಯಾಲ ಇಟ್ಟೀಯಲ್ಲ, ಇಂದೂ...

...

ಹೌದು. ಆ ಹೊಲಿಗಿ ನಿಂದ. ಇಸ್ತ್ರಿ ತಾಗಿ ಸುಟ್ಟಿತ್ತು, ಹಸರ ದಾರ ಸಿಗಲಿಲ್ಲ ಅಂತ ನೀಲಿ ದಾರದಾಗ ರಫೂ ಮಾಡಿದ್ದಿ. ನಮ್ಮ ಟ್ರಂಕಿನ್ಯಾಗಿನ ಶಾಲು. ಯಾವುದೋ ಸಾಲಿ ಗ್ಯಾದರಿಂಗಿನ್ಯಾಗ ನಿಮ್ಮಪ್ಪಗ ಹೊದಿಸಿದ್ದು. ಮುಂಜಾನೆ ನೀ ಹಾಲು ತರಾಕ ಹೋದಾಗ ತಗದೆ.

ಕೇಳಿಲ್ಲೆ... ಶಾಲು ತರೂದು ಕಾರ್ಯದರ್ಶಿ ಕೆಲಸ. ಹುಲಗೇಶ ಹೊಸಬ. ಅವನಿಗೆ ಮನಸ್ಸು ಬಂದು, ಶಾಲಿಲ್ಲ ಅಂತ ಆಗಬಾರದಲ್ಲ? ಅದಕ್ಕ ಚೀಲದ ತಳಕ್ಕ ಇಟ್ಟಿದ್ದೆ. ಅಷ್ಟ.

ಅವನಿಗೆ ಬೈಬ್ಯಾಡ. ಅವ ಮರತಿಲ್ಲ. ಕಲಿಸಿದ್ದಷ್ಟೂ ಹೇಳಿದ. ವಂದನಾರ್ಪಣೆ ಮಾಡಾಂವ ತನ್ನ ಹೆಸರು ತಾನ ಹೇಳ್ಕೋತಾನೇನು? ನಾ ಎಂದೂ ಹೇಳ್ಕೊಂಡಿಲ್ಲ. ನಾ ಕಲಿಸಿದ್ದರಾಗ ನಾ ಇರಲೇ ಇಲ್ಲ, ಇಂದೂ...

ಜನ ಎದ್ದು ಹೋದ್ರು. ಗಿರಿಯಪ್ಪ ಜಮಖಾನಿ ಸುತ್ತಿದ. ನಾ ಬಸ್ ಸ್ಟಾಪಿನ್ಯಾಗ... ನಾನ ಹೊದ್ಕೊಂಡೆ. ತಯಾರ ಮಾಡ್ಕೊಂಡು ಹೋಗಿದ್ದ ಆ ನಾಲ್ಕು ಮಾತು ಆಡಲಿಲ್ಲ. ಅದರಾಗ ನಿನ್ನ ಹೆಸರಿತ್ತು. ಅದು ಮಾತ್ರ ಖರೇ.

ತಗೀತೀ ಏನು? ತಗೀ... ಟ್ರಂಕಿಗೆ ಹಾಕು. ಯಾಕ ಝಾಡಿಸಾಕತ್ತೀ?... ಏ, ಏನಿದು?... ಹಿಂಗಲ್ಲ, ಎಡಗಡೆಯಿಂದ ಹೊದಿಸಬೇಕು. ಹಾಂ... ಆ ಅಂಚು ಒಳಗ ಮಡಚಿದ್ಯಾ?... ಕಾಣವಲ್ದು ಈಗ.

ಸಂಜೀಕ ನಿನ್ನ ತಂಗಿ ಜಯಾ ಬರ್ತಾಳ, ಕೇಳ್ತಾಳ. ನೀನ ಹೇಳು, ನಾ ದಣದೇನಿ, ಇನ್ನೊಮ್ಮೆ ಹೇಳಾಕ ಆಗೂದಿಲ್ಲ. ನಮ್ಮವರಿಗೆ ಸನ್ಮಾನ ಆತು ಅನ್ನು. ಎಲ್ಲೆ ಅಂದ್ರ, ಮನ್ಯಾಗ. ಎಂದು ಅಂದ್ರ... ಎರಡು ಸಾವಿರದ ಮೂರನೇ ಇಸವಿ, ಡಿಸೆಂಬರ್ ಇಪ್ಪತ್ತೆಂಟು, ರವಿವಾರ.