ಬಂದ್ ಮಾಡಬಾರದ ಕಾರ್ಡು

ಸ್ಟೇಷನ್ ರಸ್ತೆಯ ಕಾರಿನ ಶೋರೂಮಿನಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಬಿಜ್ಜರಗಿಯ ಹೆಂಗಸೊಬ್ಬಳು. ಕೌಂಟರಿನಲ್ಲಿ ಶರ್ವರಿ ಎಂಬ ಹುಡುಗಿ.

“ಕಾರ್ ತೆರಿಯೂ ಕಾರ್ಡ್ ಇನ್ನೊಂದು ಬೇಕಾಗೇತ್ರಿ.”

“ಹಳೇದು ಎಲ್ಲೈತ್ರಿ?”

“ನಮ್ಮ ಮನಿಯವರ ಕಿಸೇದಾಗ. ಯಾರ ಕೈಯಾಗೂ ಕೊಡ್ತಿದ್ದಿಲ್ಲ. ಮಣ್ಣು ಮಾಡೂ ಮುಂದ ನಾನ ಇಟ್ಟೇನಿ.”

ಶರ್ವರಿ ಕಂಪ್ಯೂಟರಿನ ಕಡೆ ತಿರುಗಿದಳು.

“ಹೊಸಾದು ಕೊಡ್ತೀವ್ರಿ. ಹಳೇದನ್ನ ಇಲ್ಲಿಂದನ ಬಂದ್ ಮಾಡ್ತೀವಿ.”

“ಬಂದ್ ಅಂದ್ರ?”

“ಆ ಕಾರ್ಡಿಗೆ ಇನ್ನ ನಿಮ್ಮ ಕಾರ್ ತೆರಿಯೂದಿಲ್ರಿ.”

“ಮದಲಿನ ಕಾರಿಗೆ ಕೀಲಿಕೈ ಇತ್ತು. ಅದನ್ನ ಹಿಂಗ ಕುಂತಲ್ಲೇ ಕೊಲ್ಲಾಕ ಬರ್ತಿದ್ದಿಲ್ಲ.”

“ಕಳದ ಕಾರ್ಡಿಗೆ ಇದ ನಿಯಮ ಅಕ್ಕಾ.”

“ಕಳದಿಲ್ಲವಾ. ಅವರ ಕಡೆ ಐತಿ.”

ಆಕೆ ಚೀಲ ಎತ್ತಿಕೊಂಡಳು.

“ಹೊಸಾದು ಬ್ಯಾಡ ಬಿಡು. ಕಾರು ಅಂಗಳದಾಗ ನಿಂತಿರ್ಲಿ. ಅವರು ಬಂದಾಗ ಅದು ಅವರ ಗುರ್ತು ಹಿಡೀಲಿಲ್ಲಂದ್ರ ಹೆಂಗ?”

ಹಾಗೆಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.