ಚಂದ್ರಾಮಪ್ಪನ ಜವಾಬು

ಎಂಬತ್ತೇಳನೇ ಇಸವಿಯ ಜೋಳದ ಸುಗ್ಗಿ, ಮಧ್ಯಾಹ್ನ ಮೂರರ ಹೊತ್ತು. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ದೌಲತರಾಯ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಕಟ್ಟೆಯ ಮೇಲೆ ಮೊಹರಂ ಪದ ಹಾಡುವ ಮುದುಕ ಮಲಂಗಸಾಬ ಕೂತಿದ್ದ. ಅವನು ಹಾಡುವ ಸವಾಲಿಗೆ ಜವಾಬು ಹಾಡುತ್ತಿದ್ದ ಜೋಡಿ ಚಂದ್ರಾಮಪ್ಪ ತೀರಿಕೊಂಡು ವರ್ಷವಾಗಿತ್ತು. ಚಂದ್ರಾಮಪ್ಪನ ಹೆಂಡತಿ ಗುರಮ್ಮ ಬಂದು ಬುಟ್ಟಿ ಇಳಿಸಿ ಮಲಂಗಸಾಬನನ್ನು ಕೇಳಿದ್ದು ದೌಲತರಾಯನ ಕಿವಿಗೂ ಬಿತ್ತು:

“ಕಲಾವಿದರ ಮಾಸಾಶನದ ಸಾಹೇಬ್ರ ಮುಂದ ಹಾಡಿ ಬಂದ್ಯೇನು, ಅಣ್ಣಾ?”

“ಸವಾಲ್ ಹಾಡಿದೆರಿ ವೈನಿ. ಆಮ್ಯಾಲ ಸುಮ್ಮ ನಿಂತೆ.”

“ಯಾಕ?”

“ಜವಾಬ್ ಚಂದ್ರಾಮಂದಲ್ಲೇನ್ರಿ?”

“ಬದುಕಿದ್ದಾಗ ನಿನ್ನ ಬಾಯಿ ಮುಚ್ಚಿಸಲಿಲ್ಲ, ಸತ್ತು ಮುಚ್ಚಿಸ್ಯಾನ ನೋಡು! ನಿನಗ ಜವಾಬ್ ಬರೂದಿಲ್ಲೇನು?”

“ಬರ್ತದ. ನಲವತ್ತು ವರ್ಷ ಕೇಳೇನಿ. ಅವನ ಪಾಲು ನಾ ಹ್ಯಾಂಗ ಹಾಡಲಿ?”

“ಸಾಹೇಬ್ರು ಏನಂದ್ರು?”

“ಅಜ್ಜಗ ಮರೆವು ಅಂತ ಬರದು ಅರ್ಜಿ ವಾಪಸ್ ಕೊಟ್ರು.”

“ಜೋಡಿ ಹೋಗ್ಯಾನ ಅಂತ ಹೇಳಬಾರದೇನು?”

“ಬಾಯಿಗೆ ಬರಲಿಲ್ಲರಿ.”

ಗುರಮ್ಮ ಸೆರಗು ಸರಿಮಾಡಿಕೊಂಡಳು.

“ನಾಳಿ ಮತ್ತ ಹೋಗು. ನಾನೂ ಬರ್ತೇನಿ. ಒಲಿ ಮುಂದ ಕೂತು ಕೇಳಿ ಕೇಳಿ ಆ ಜವಾಬ್ ನನಗೂ ಬರ್ತದ.”

“ಬ್ಯಾಡ್ರಿ ವೈನಿ. ನೀವು ಹಾಡಿದ್ರಂದ್ರ ಅವ ಸತ್ತದ್ದು ಖರೇ ಆಗ್ತದ.”

ಅಷ್ಟರಲ್ಲಿ ಬಸ್ ಬಂತು. ಮಲಂಗಸಾಬ ಬುಟ್ಟಿ ಎತ್ತಿಕೊಟ್ಟ. ಗುರಮ್ಮ, ದೌಲತರಾಯ ಇಬ್ಬರೂ ಬಸ್ ಹತ್ತಿ ಹೋದರು. ಮಲಂಗಸಾಬ ಸವಾಲಿನ ಸಾಲು ಗುನುಗುತ್ತ ಒಬ್ಬನೇ ನಡೆದುಹೋದ.