ಚಂದನಾಳ ಹೆಸರಿಗೆ ಕಳಿಸಿದ ಬಡಿತ

ಮಕ್ಕಳು ಮಲಗಿದವು, ಅದಕ್ಕೇ ಈಗ ಹೇಳುತ್ತಿದ್ದೇನೆ. ನಗುವವರು ಈಗಲೇ ಎದ್ದು ಹೋಗಿ. ಇದು ನನ್ನ ಚಿಕ್ಕಮ್ಮನ ಮಗಳು ಸುಷ್ಮಾಗೆ ಆದದ್ದು.

ಕತ್ತಲಾಗಿತ್ತು. ಸುಷ್ಮಾ ಹೊಳೆ ನಡುವಿನ ದ್ವೀಪ ಮಾವಿನಕುರ್ವೆಯ ಬಾವಿಯ ಹತ್ತಿರ ಬಂದಿದ್ದಳು. ಅವಳು ಆಗ ಅಲ್ಲಿ ಆಶಾ ಕಾರ್ಯಕರ್ತೆಯ ಕೆಲಸಕ್ಕಿದ್ದಳು, ತಾನೂ ತುಂಬಿದ ಬಸುರಿ. ಚೀಲದಲ್ಲಿ ಒಂದು ಬೆಲ್ಟು. ಅದನ್ನು ಬಸುರಿಯ ಹೊಟ್ಟೆಗೆ ಕಟ್ಟಿದರೆ ಮಗುವಿನ ಎದೆಬಡಿತ ಮೊಬೈಲಿಗೆ ಬರುತ್ತದೆ, ಅಲ್ಲಿಂದ ಹೊನ್ನಾವರದ ಡಾಕ್ಟರಮ್ಮನಿಗೆ. ವಯರಿಲ್ಲ, ಎಂತ ಇಲ್ಲ.

ಒಂದೇ ಮನೆ ಬಾಕಿ ಇತ್ತು. ಚಂದನಾದು. ಚೊಚ್ಚಲ ಬಸುರಿ, ಗಂಡ ಬೋಟಿನ ಮೇಲೆ. ಸಮುದ್ರ ಉಬ್ಬಿ ದಾರಿಗೆ ಭರತದ ನೀರು ಏರಿತ್ತು... ಮೊಣಕಾಲುದ್ದ. ದಾಟಬಹುದಿತ್ತು. ಆದರೆ ನಮ್ಮ ಸುಷ್ಮಾ ಸೀರೆ ಒದ್ದೆ ಮಾಡಿಕೊಳ್ಳುವವಳಲ್ಲ. ಬಾವಿಕಟ್ಟೆಯ ಮೇಲೆ ಕೂತು ಬೆಲ್ಟನ್ನು ತನ್ನ ಹೊಟ್ಟೆಗೇ ಕಟ್ಟಿಕೊಂಡಳು. ಮೊಬೈಲಿನಲ್ಲಿ ಚಂದನಾಳ ಹೆಸರು ಒತ್ತಿದಳು.

ದಬದಬ... ದಬದಬ... ದಬದಬ...

ಕಳಿಸಿದಳು. ಡಾಕ್ಟರಮ್ಮನ ಉತ್ತರ ಬಂತು: ಮಗು ಚೆನ್ನಾಗಿದೆ.

ಮನೆ ಮುಟ್ಟುವಷ್ಟರಲ್ಲಿ ಚಂದನಾಳ ಫೋನು.

"ಅಕ್ಕಾ, ನಿನ್ನೆಯಿಂದ ಮಗು ಆಡೂದೇ ಇಲ್ಲ. ಆಸ್ಪತ್ರೆಗೆ ಹೋಗ್ಲಾ?"

"ಎಂತಕ್ಕೆ? ಚೆನ್ನಾಗಿದೆ ಅಂತ ಡಾಕ್ಟರಮ್ಮನೇ ಬರ್ದಾರೆ."

"ನೀ ಬರ್ಲೇ ಇಲ್ಲಲ್ಲ. ಬೆಲ್ಟ್ ಕಟ್ದೇ ಹ್ಯಾಂಗೆ ಗೊತ್ತಾತು?"

"ಈಗ ದೂರದಿಂದ್ಲೇ ಬರ್ತದೆ. ನಿಂಗೆ ಇದೆಲ್ಲ ತಿಳೂದಿಲ್ಲ. ಕಾಲು ಚಾಚಿ ಮಲ್ಕೋ."

ಅತ್ತೆ ಮಾಸ್ತಮ್ಮನೂ ಸೊಸೆಗೆ ಅಂದಳಂತೆ, "ಮೊಬೈಲೇ ಹೇಳ್ತಂತೆ. ನಿಂದೆಂತದೇ ನಾಟಕ?"

ಚಂದನಾ ಮಲಗಿದಳು. ಒಳಗೆ ಮಗು ಆಗಲೇ ಸತ್ತಿತ್ತು. ದಿನ ಕಳೆದಂತೆ ಜ್ವರ ಏರಿತು, ಮೈಯೆಲ್ಲ ನಂಜಾಯಿತು. ಬೋಟು ಹುಡುಕಿ ಹತ್ತಿಸುವಷ್ಟರಲ್ಲಿ ಅವಳೂ ಇಲ್ಲ.

ಸೂತಕ ಕಳೆದ ಮೇಲೆ ಒಂದು ಸಂಜೆ ಸುಷ್ಮಾ ಮತ್ತೆ ಅದೇ ಬಾವಿಯ ಹತ್ತಿರ ಬರುತ್ತಿದ್ದಳು. ಚೀಲದೊಳಗೆ ಸದ್ದು. ದಬದಬ... ದಬದಬ... ಬೆಲ್ಟು ಬಂದ್ ಮಾಡಿಟ್ಟದ್ದು. ಮೊಬೈಲೂ ಬಂದ್.

"ಅಕ್ಕಾ..."

ಬಾವಿಯಿಂದಲ್ಲ. ಕಿವಿಯ ಹತ್ತಿರವೇ.

"ಯಾ... ಯಾರದು?"

"ನನ್ ಹೆಸ್ರಿಗೆ ಕಳ್ಸಿದ್ಯಲ್ಲ... ತಗಂಡು ಹೋಗೂಕೆ ಬಂದೆ."

"ಎಂತ ಕಳ್ಸಿದ್ದು?"

ಹಗ್ಗವಿಲ್ಲದ ರಾಟೆ ಕಿರ್ರ್... ಅಂತ ಒಂದು ಸುತ್ತು ತಿರುಗಿತು.

ಸುಷ್ಮಾ ಮನೆಗೆ ಓಡಿ ಬಂದು ಬೆಲ್ಟು ಕಟ್ಟಿಕೊಂಡಳು. ತನ್ನ ಹೆಸರು ಒತ್ತಿದಳು. ಸ್ಸ್ಸ್... ಖಾಲಿ ಚಿಪ್ಪು ಕಿವಿಗೆ ಹಿಡಿದಂಥ ಸದ್ದು, ಅಷ್ಟೇ. ಬಿಗಿದು ಕಟ್ಟಿದಳು. ಸ್ಸ್ಸ್... ಬಿಚ್ಚಿ ಎಸೆದಳು. ಆಗ ಮೊಬೈಲಿನಲ್ಲಿ ಚಂದನಾಳ ಹೆಸರು ತಾನಾಗಿಯೇ ತೆರೆಯಿತು.

ದಬದಬ... ದಬದಬ... ದಬದಬ...

ಬೆಳಿಗ್ಗೆ ಹೊನ್ನಾವರದಲ್ಲಿ ಹೆರಿಗೆ ಮಾಡಿಸಿದರು. ಗಂಡು. ಕೂದಲು, ಉಗುರು, ಎಲ್ಲ ಸರಿ. ಉಸಿರೊಂದೇ ಇಲ್ಲ. ಡಾಕ್ಟರಮ್ಮನಿಗೆ ಕಾರಣವೇ ಸಿಗಲಿಲ್ಲ. ನಾನು ಹೋಗಿ ಸುಷ್ಮಾಳ ಕೈ ಹಿಡಿದು ಕೂತೆ. ಆಗಲೇ ಅವಳು ಎಲ್ಲ ಬಾಯಿಬಿಟ್ಟದ್ದು. ಆದರೆ ನನ್ನ ಬಾಯಿ ಗೊತ್ತಲ್ಲ, ಸುಮ್ಮನಿರಲಿಲ್ಲ.

"ಮೊಣಕಾಲುದ್ದದ ನೀರಷ್ಟೇ ಆಗಿತ್ತಲ್ಲೇ, ಸುಷ್ಮಾ?"

ಅವಳು ಗೋಡೆಯ ಕಡೆ ತಿರುಗಿದಳು.

ಆಮೇಲೆ ಒಂದು ದಿನ ಮಾಸ್ತಮ್ಮ ನನ್ನನ್ನು ಮನೆಯೊಳಗೆ ಕರೆದಳು. ಚಂದನಾಳ ಹಳೇ ರವಿಕೆ ಹಗ್ಗದ ಮೇಲಿತ್ತು. ಎದೆಯ ಎರಡೂ ಕಡೆ ಒದ್ದೆ.

"ದಿನಾ ತೊಳ್ದು ಹಾಕ್ತೆ," ಅಂದಳು ಮೆಲ್ಲಗೆ. "ಬೆಳಗಾದ್ರೆ ಮತ್ತೆ ಹೀಂಗೇ."

ಮಾಡು ಸೋರಿದ್ದು ಅನ್ನಬೇಡಿ, ಅದು ಬೇಸಿಗೆ. ಬೆವರು ಅಂತಲೂ ಅನ್ನಬೇಡಿ, ಸತ್ತವಳು ಬೆವರುತ್ತಾಳಾ? ಎರಡು ಹೆತ್ತು ಹಾಲೂಡಿಸಿದವಳು ನಾನು. ಮೂಗಿಗೆ ಹಿಡಿದೇ ನೋಡಿದೆ, ಆ ವಾಸನೆ ನನಗೆ ಗೊತ್ತು. ನಂಬದಿದ್ದರೆ ಬಿಡಿ, ನನಗೇನು... ರವಿಕೆಗೆ ಕೆಂಪಿರುವೆ ಸಾಲು ಹಿಡಿದಿತ್ತು.